ಅಡ್ಡಹೆಸರು ಕೇಳದ ಕಾರಕೂನ

ಬಹಳ ಹಿಂದೇನಲ್ಲ, ಹೋದ ಮಳೆಗಾಲದಲ್ಲಿ, ಹಳಿಯಾಳದಲ್ಲಿ ಒಬ್ಬ ರಾಜನಿದ್ದ. ಹೆಸರು ಪುಂಡಲೀಕ. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತಗಡಿನ ಖೋಲಿ ಅವನ ರಾಜ್ಯ. ಆರು ಕಂಪ್ಯೂಟರುಗಳ ಮುಂದೆ ಕೂತ ಆರು ಹೆಣ್ಣುಮಕ್ಕಳು ನಾವು ಅವನ ಪ್ರಜೆಗಳು. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹಳೇ ಕಾಗದ ನೋಡಿ ಯಾರ ಹೊಲ ಯಾವುದೆಂದು ಟೈಪು ಮಾಡುವುದು ನಮ್ಮ ಕೆಲಸ.

ರಾಜನಿಗೆ ನಮ್ಮ ಮೇಲೆ ಬಹಳ ಕಾಳಜಿ. ಅದಕ್ಕೇ ಪ್ರತಿ ಕಂಪ್ಯೂಟರಿನಲ್ಲೂ ಒಂದು ಕಾವಲಿನ ಪ್ರೋಗ್ರಾಮು ಹಾಕಿಸಿದ್ದ. ಅದು ಗಳಿಗೆಗೊಮ್ಮೆ ನಮ್ಮ ಪರದೆಯ ಫೋಟೋ ತೆಗೆಯುತ್ತಿತ್ತು. ಕೀಲಿಮಣೆಯಿಂದ ಒಂದು ನಿಮಿಷ ಕೈ ತೆಗೆದರೆ ಅವನ ಫೋನಿನಲ್ಲಿ ಕೆಂಪು ಚುಕ್ಕಿ. ಹೊರಗೆ ಎದ್ದು ಹೋಗುವ ಪ್ರಸಂಗ ಬರಬಾರದೆಂದು ನಾವು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ.

ಆದರೂ ಕೆಲಸ ಆಮೆಯಂತೆ ನಡೆಯಿತು. ಅಕ್ಷರ ಒತ್ತಿ ಮೂರು ಎಣಿಸಿದ ಮೇಲೆ ಅದು ಪರದೆಯಲ್ಲಿ ಮೂಡುತ್ತಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ, ನೀವೇ ಮೈಗಳ್ಳರು ಅಂದ ಪುಂಡಲೀಕ. ಎಲ್ಲರಿಗಿಂತ ನಿಧಾನ ಮುಂಡಗೋಡದಿಂದ ಬಸ್ಸಿಗೆ ಬರುವ ಬಿಬಿಜಾನ್. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಶನಿವಾರ ಅವಳ ಕಡೇ ದಿನ ಎಂದು ರಾಜಾಜ್ಞೆ ಆಯಿತು.

ನಮ್ಮೊಳಗೆ ಡಿಪ್ಲೊಮಾ ಓದಿದವಳು ಡಯಾನಾ. ಕೆಟ್ಟ ಕಂಪ್ಯೂಟರು ರಿಪೇರಿ ಮಾಡುತ್ತಿದ್ದವಳೂ ಅವಳೇ.

"ಸರ್, ಮಷೀನಿನ ಹೊತ್ತು ಯಾರು ತಿನ್ನಾಕತ್ತಾರಂತ ಶನಿವಾರದೊಳಗ ತೋರಸ್ತೇನ್ರಿ," ಅಂದಳು.

"ತೋರಸವ್ವಾ. ಬಿಬಿಜಾನಳ ಹೆಸರೇ ಬರತೈತಿ."

ಯಂತ್ರದೊಳಗೆ ಕರ್ನಲ್ ಎಂಬ ಮುಖ್ಯ ಕಾರಭಾರಿ ಇರುತ್ತಾನೆ. ಅವನ ಕೈಕೆಳಗೆ ಪ್ರೊಫೈಲಿಂಗ್ ಡ್ರೈವರ್ ಎಂಬ ಕಾರಕೂನ. ಪ್ರೊಸೆಸರಿನ ಹೊತ್ತನ್ನು ಯಾವ ಪ್ರೋಗ್ರಾಮು ಎಷ್ಟು ತಿಂದಿತೆಂದು ಅವನು ಬರೆದಿಡಬೇಕು. ಅದಕ್ಕೆ ಮೊದಲು ಪ್ರೊಸೆಸರು ಯಾವ ಮಾದರಿಯದೆಂದು ಗುರುತು ಹಿಡಿಯಬೇಕು. ನಮ್ಮ ಕಂಪ್ಯೂಟರು ಈಚಿನವು, ಕರ್ನಲ್ ಹಳೇದು. ಹೊಸ ಕರ್ನಲ್ ಹಾಕಿದರೆ ಕಾವಲಿನ ಪ್ರೋಗ್ರಾಮು ನಡೆಯುವುದಿಲ್ಲವೆಂದು ರಾಜ ಹಳೇದನ್ನೇ ಇಟ್ಟಿದ್ದ. ಹೀಗಾಗಿ ಕಾರಕೂನ ತನ್ನ ಪಟ್ಟಿ ನೋಡಿ, 'ಗುರುತಿಲ್ಲ' ಎಂದು ಬರೆದು ಕೈಕಟ್ಟಿ ಕೂತಿದ್ದ.

ಡಯಾನಾ ಡ್ರೈವರಿನ ಕೋಡು ತೆರೆದು ನಮ್ಮ ಮಾದರಿಯ ನಂಬರನ್ನು ಪಟ್ಟಿಗೆ ಸೇರಿಸಿದಳು. ಗುರುವಾರ ಕಾರಕೂನ ಎಣಿಸಿದ. ಅವನ ಪ್ರಕಾರ, ಸುಮ್ಮನೆ ಕೂತ ಕಂಪ್ಯೂಟರೇ ಹೆಚ್ಚು ದುಡಿದಿತ್ತು. ಪುಂಡಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಶುಕ್ರವಾರ ಊಟದ ಹೊತ್ತಿಗೆ ಬಿಬಿಜಾನ್ ರೊಟ್ಟಿ ಮುರಿಯುತ್ತ, ಅದೇ ನಂಬರಿನ ಪ್ರೊಸೆಸರು ಬೇರೆ ಇದೆಯೇನು ಎಂದು ಕೇಳಿದಳು. ಇದೆ, ಆದರೆ ಅದರ ಮನೆತನದ, ಅಂದರೆ ಫ್ಯಾಮಿಲಿಯ, ನಂಬರು ಬೇರೆ ಅಂದಳು ಡಯಾನಾ.

"ಹಂಗಾದ್ರ ತಪ್ಪು ಅಲ್ಲೇ ಐತಿ ನೋಡು. ಈ ಕಾಗದದಾಗ ಮೂರು ಮಂದಿ ಅಂತೋನಿ ಅದಾರ. ನಾ ಮೊದಲ ಮನೆತನದ ಅಡ್ಡಹೆಸರು ನೋಡತೇನಿ, ಆಮ್ಯಾಲ ಹೆಸರು. ಇಲ್ಲಾಂದ್ರ ಒಬ್ಬನ ಹೊಲ ಇನ್ನೊಬ್ಬಗ ಹೋಗತೈತಿ. ಅದಕ್ಕ ನನಗ ಹೊತ್ತು ಹಿಡಿತೈತಿ, ಅದಕ್ಕ ನಾ ಮೈಗಳ್ಳಿ."

ಡಯಾನಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಎದ್ದಳು.

ಕಾರಕೂನ ಕೇಳುತ್ತಿದ್ದುದು ಮಾದರಿಯನ್ನು ಮಾತ್ರ; ಹಾಗಾಗಿ ನಮ್ಮ ಪ್ರೊಸೆಸರನ್ನು ಬೇರೆ ಮನೆತನದ್ದೆಂದು ತಿಳಿದು ತಪ್ಪು ಲೆಕ್ಕ ಬರೆದಿದ್ದ. ಮೊದಲು ಮನೆತನ, ಆಮೇಲೆ ಮಾದರಿ ಕೇಳುವಂತೆ ಅವಳು ಕೋಡನ್ನು ತಿದ್ದಿದಳು. ಶನಿವಾರ ಮಧ್ಯಾಹ್ನ ಬಿಬಿಜಾನಳ ಕಂಪ್ಯೂಟರಿನ ಪಟ್ಟಿ ಬಂತು. ಪುಂಡಲೀಕ ಕನ್ನಡಕ ಏರಿಸಿ ಓದಿದ. ಯಂತ್ರದ ಹೊತ್ತಿನ ನೂರು ಪಾಲಿನಲ್ಲಿ ಕಾವಲಿನ ಪ್ರೋಗ್ರಾಮು ತಿಂದಿದ್ದು ಅರವತ್ತೊಂದು. ಬಿಬಿಜಾನಳ ಟೈಪಿಂಗಿಗೆ ಸಿಕ್ಕಿದ್ದು ಎರಡು.

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಆ ಮ್ಯಾಲಿನ ಹೆಸರೊಂದು ಕಾಣದಂಗ ಮಾಡಾಕ ಬರತೈತೇನು?"

"ಮಷೀನಿಗೆ ಗುರುತು ಹಿಡಿಯೂದು ಕಲಿಸೇನ್ರಿ ಸರ್. ಮುಚ್ಚೂದು ಕಲಿಸಿಲ್ಲ."

ನಾವು ಆರೂ ಮಂದಿ ಎದ್ದು ನಿಂತೆವು. ಬಿಬಿಜಾನ್ ಪಟ್ಟಿಯನ್ನು ಪ್ರಿಂಟು ತೆಗೆದಳು. ಡಯಾನಾ ಅದನ್ನು ಬಾಗಿಲಿನ ಹೊರಬದಿಗೆ ಅಂಟಿಸಿದಳು, ಬಸ್ಸು ಕಾಯುವವರಿಗೂ ಕಾಣುವಂತೆ.