ಪಡಸಾಲೆಯ ನೀಲಿ ಕಣ್ಣು

ಎಡಗಾಲು ಮಡಚಲಿಲ್ಲ.

ಬಲಗಾಲು ಸುಲಭವಾಗಿ ಬಂದಿತ್ತು. ಕಸ್ತೂರೆವ್ವ ಮೊಣಕಾಲ ಮೇಲೆ ಬಿಸಿನೀರು ಸುರಿದು ಒತ್ತಿದ ಕೂಡಲೇ ಸಿದ್ದಲಿಂಗವ್ವನ ಬಲಪಾದ ತೊಡೆಯ ಬುಡಕ್ಕೆ ಬಂದು ಕೂತಿತ್ತು. ಎಡಗಾಲು ಮಾತ್ರ ಹಟ ಹಿಡಿದಂತೆ ನೀಡಿಕೊಂಡೇ ಇತ್ತು. ಹೆಣವನ್ನು ಪದ್ಮಾಸನ ಹಾಕಿ ಕೂಡಿಸಬೇಕು, ಹಾಗೆಯೇ ಮಣ್ಣಿಗೆ ಇಳಿಸಬೇಕು. ಕಾಲು ಬಿರುಸಾಗುವ ಮೊದಲೇ ಆಗಬೇಕಾದ ಕೆಲಸ ಅದು.

ಶೈಲಾ ಅವ್ವನ ಸೀರೆಯ ಅಂಚು ಸರಿಸಿದಳು. ಮೀನಖಂಡ ಬಲಗಾಲಿನ ಎರಡರಷ್ಟು ದಪ್ಪವಾಗಿತ್ತು. ಬಿಗಿದ ಚರ್ಮ ಹೊಳೆಯುತ್ತಿತ್ತು. ಹಿಮ್ಮಡಿಯವರೆಗೂ ನೇರಳೆ ಹಣ್ಣು ಒರೆಸಿದಂಥ ಬಣ್ಣ.

ಲಕ್ಷ್ಮೇಶ್ವರದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಒಂದು ನೋಟ ಸಾಕಾಯಿತು. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಸಡಿಲಾಗಿ ಎದೆಗೆ ಹೋಗಿತ್ತು. ನಿನ್ನೆ ಸಂಜೆ ತಮ್ಮ ಕೊಟ್ರೇಶ ಫೋನಿನಲ್ಲಿ ಅಳುತ್ತ, ಅವ್ವ ರಾಟಿಯ ಮುಂದೆ ಕೂತಲ್ಲೇ ಉಸಿರು ಸಿಕ್ಕಿ ವಾಲಿದಳು ಅಂದಾಗ, ಅವಳು ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದಳು.

"ಇದು ಯಾವಾಗಿಂದ ಹಿಂಗೈತಿ ಕಾಕಿ?"

ಬಾಜೂ ಮನೆಯ ಕಸ್ತೂರೆವ್ವ ತಂಬಿಗೆ ಕೆಳಗಿಟ್ಟು ಅವಳನ್ನೇ ನೋಡಿದಳು.

"ನನಗ್ಯಾಕ ಕೇಳ್ತಿ ಯವ್ವಾ? ದಿನಾ ನೋಡಿದಾಕಿ ನೀನ ಅಲ್ಲೇನು?"

ಇಬ್ಬರೂ ಸೇರಿ ಒತ್ತಿದರು. ಎಲ್ಲೋ ಒಳಗೆ ಕಟ್ ಎಂದಿತು. ಕಾಲು ಮಡಚಿತು.

* * *

ಅಪ್ಪ ತೀರಿಕೊಂಡ ವರ್ಷ ಶೈಲಾ ಹುಬ್ಬಳ್ಳಿಯಿಂದ ಕೋಳಿಮೊಟ್ಟೆಯಷ್ಟೇ ದೊಡ್ಡದಾದ ಒಂದು ಬಿಳಿ ಕ್ಯಾಮೆರಾ ತಂದು ಪಡಸಾಲೆಯ ಗೋಡೆಗೆ ಹಾಕಿಸಿದ್ದಳು. ಎದುರಿಗೇ ಅವ್ವ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುವ ಜಾಗ. ಒಳಗಿನ ಎರಡು ಮಗ್ಗಗಳಿಗೆ ಬೇಕಾದ ನೂಲೆಲ್ಲ ಆ ಕೈಯಿಂದಲೇ ಹೋಗುತ್ತಿತ್ತು. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಬೆಳಗಿನಿಂದ ಸಂಜೆವರೆಗೆ ಕೂಡುವಳು.

"ಇದರಾಗ ನೀ ಇರ್ತೀ?" ಅವ್ವ ಕೇಳಿದ್ದಳು.

"ನಾ ಇರೂದಿಲ್ಲ. ಅಲ್ಲೇ ಕುಂತು ಫೋನಿನ್ಯಾಗ ನಿನ್ನ ನೋಡ್ತೇನಿ."

"ಮಾತೂ ಕೇಳತೈತಿ?"

"ಮಾತು ಕೇಳೂದಿಲ್ಲ."

"ಚಲೋ ಆತು. ಇಲ್ಲಾಂದ್ರ ನಿನ್ನ ಬಗ್ಗೆ ಆಡಿಕೊಳ್ಳಾಕ ಹಿತ್ತಲಕ ಹೋಗಬೇಕಾಗತಿತ್ತು."

ಸೊಸೆ ಐಶ್ವರ್ಯಾಗೆ ಮಾತ್ರ ಅದು ಮೊದಲ ದಿನದಿಂದಲೂ ಸೇರಲಿಲ್ಲ. ಪಡಸಾಲೆ ದಾಟುವಾಗೆಲ್ಲ ಸೆರಗು ಸರಿಮಾಡಿಕೊಂಡು, ಕ್ಯಾಮೆರಾದ ಕಡೆ ನೋಡದೆ ಹೋಗುವಳು.

ಒಂದು ಸಲ ಅವ್ವ ಕ್ಯಾಮೆರಾದ ಹತ್ತಿರ ಬಂದು ಕಣ್ಣುರೆಪ್ಪೆ ಅಗಲಿಸಿ ತೋರಿಸಿದಳು. ಕಣ್ಣು ಕೆಂಪಾಗಿತ್ತು. ವಾರ್ಡಿನಲ್ಲಿದ್ದ ಶೈಲಾ ಕೂಡಲೇ ಫೋನ್ ಮಾಡಿ ಕೊಟ್ರೇಶನಿಂದ ಔಷಧಿ ತರಿಸಿದಳು. ಆ ಸುದ್ದಿ ಓಣಿಯೆಲ್ಲ ಹೋಯಿತು. ಬೆಟಗೇರಿಯಲ್ಲಿ ಕೂತು ಲಕ್ಷ್ಮೇಶ್ವರಕ್ಕೆ ಕಣ್ಣು ತೋರಿಸಿದ ಸಿದ್ದಲಿಂಗವ್ವ ಆಮೇಲೆ ಬೆರಳಿಗೆ ಮುಳ್ಳು ಚುಚ್ಚಿದರೂ ಅದರ ಮುಂದೆ ಹಿಡಿಯುವಳು. ಹೊಸ ಸೀರೆಯ ಅಂಚನ್ನೂ ಹಿಡಿಯುವಳು.

* * *

ಸೂರ್ಯ ಏರುವಷ್ಟರಲ್ಲಿ ಸಿದ್ದಲಿಂಗವ್ವ ದಿನಾ ಕೂಡುವ ಜಾಗದಲ್ಲೇ ಕೂತಿದ್ದಳು. ಹಣೆಗೆ ವಿಭೂತಿ, ಕೊರಳ ತುಂಬ ಹೂವು. ತಲೆ ವಾಲದಂತೆ ಬಿಳಿ ಬಟ್ಟೆಯೊಂದನ್ನು ಹಣೆಗೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಎದುರಿನ ಗೋಡೆಯಲ್ಲಿ ಕ್ಯಾಮೆರಾದ ನೀಲಿ ದೀಪ ಹತ್ತುತ್ತಿತ್ತು, ಆರುತ್ತಿತ್ತು.

"ಹೆಂಗ ನೋಡತೈತಿ ನೋಡ್ರಿ," ಅಂದ ಮುಂಡರಗಿಯಿಂದ ಬಂದಿದ್ದ ಸೋದರಮಾವ ಸಂಗಪ್ಪ. "ನಮ್ಮಕ್ಕ ಮುಂಜಾನೆದ್ದು ದೇವರಿಗಿಂತ ಮೊದಲ ಇದಕ್ಕ ಮಾರಿ ತೋರಸ್ತಿದ್ಲು. ಹ್ವಾದ ಬ್ಯಾಸಗಿಗೆ ಬಂದಾಗ ನನ್ನ ಬೈದು ಬಿಟ್ಟಳು. ‘ಅಂಗಿ ಹಾಕ್ಕೊಂಡು ಕುಂಡ್ರಲೇ, ಶೈಲಾ ನೋಡಾಕತ್ಯಾಳ!’ ಅಂತ."

ಯಾರೋ ನಕ್ಕರು. ನಕ್ಕವರೇ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮೊದಲ ಅದು ಬರೇ ಮಿಕಮಿಕ ನೋಡತಿತ್ತು," ಕಸ್ತೂರೆವ್ವ ಮೂಗು ಒರೆಸಿಕೊಂಡಳು. "ಮನಿಗೆ ಹೊಸಾ ರೂಟರ್ ತಂದು ಹಾಕಿದ ಮ್ಯಾಲ ಕಣ್ಣ ಪಿಳುಕಿಸಾಕ ಹತ್ತಿತು. ಏನ ಸಂತೋಷ ಆಕಿಗೆ! ‘ನೋಡಲೇ ಕಸ್ತೂರಿ, ಮೊದಲ ನನ್ನ ಮಗಳು ಬಿಡುವಾದಾಗ ನೋಡ್ತಿದ್ಲು, ಈಗ ಇಡೀ ದಿನಾ ಕಣ್ಣ ಮುಚ್ಚಿ ತಗದು ನೋಡ್ತಾಳ’ ಅಂತಿದ್ಲು. ಕಾಲ ಬಾತ ಮ್ಯಾಲ ನಾನು ಎಷ್ಟು ಹೇಳಿದೆ, ದವಾಖಾನಿಗೆ ಹೋಗೂಣು ನಡಿಯ ಅಂತ. ಕೇಳ್ಲಿಲ್ಲ. ದಿನಾ ಸೀರಿ ಮ್ಯಾಲೆತ್ತಿ ಅದರ ಮುಂದ ಕಾಲ ಚಾಚಾಕಿ. ‘ಶೈಲಾ ನೋಡ್ಯಾಳ. ಕೆಟ್ಟದ್ದಿದ್ರ ಬಸ್ ಹತ್ತಿ ಓಡಿ ಬರ್ತಿದ್ಲು. ಬಂದಿಲ್ಲಾಂದ್ರ ಏನೂ ಇಲ್ಲ’ ಅಂದು ರಾಟಿ ತಿರುವಾಕಿ."

ಹೇಳುತ್ತಿದ್ದವಳು ನಿಂತಳು. ಕ್ಯಾಮೆರಾ ನೋಡಿದಳು, ಶೈಲಾಳನ್ನು ನೋಡಿದಳು.

"ಖರೆ, ನೀ ಇಲ್ಲೇ ಕುಂತೀಯಲ್ಲ. ಹಂಗಾದ್ರ ಈಗ ಯಾರು ನೋಡಾಕತ್ತಾರ?"

ಹೂವಿನ ಬುಟ್ಟಿ ಹಿಡಿದು ಬಂದ ಕೊಟ್ರೇಶ ಹೊಸ್ತಿಲಲ್ಲೇ ನಿಂತ. ಊದುಬತ್ತಿ ಹಚ್ಚುತ್ತಿದ್ದ ಐಶ್ವರ್ಯಾ ಕಡ್ಡಿಯ ಉರಿ ಬೆರಳಿಗೆ ತಾಕುವವರೆಗೂ ಅದನ್ನು ಆರಿಸಲಿಲ್ಲ.

"ಯಾರೂ ಇಲ್ಲ ಕಾಕಿ," ಅಂದಳು ಶೈಲಾ. "ಅದು ನೋಡೂದಲ್ಲ. ಹುಡುಕೂದು."

"ಏನ ಹುಡುಕತೈತಿ?"

"ಹಳೇ ರೂಟರ್."

ಸಂಗಪ್ಪನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಂಗಳದ ಭಜನೆಯವರು ತಾಳ ಏರಿಸಿದರು.

* * *

ಶ್ರಾವಣದಲ್ಲಿ ಹೊಸ ರೂಟರ್ ಬಂದ ದಿನವೇ ಕೊಟ್ರೇಶ ಫೋನ್ ಮಾಡಿದ್ದ.

"ಅಕ್ಕಾ, ನಿನ್ನ ಕ್ಯಾಮೆರಾ ಇದರ ಜೋಡಿ ಕೂಡವಲ್ದು. ಅದು ಭಾಳ ಹಳೇದಂತ. ಅದಕ್ಕ ಅಂತ ಬ್ಯಾರೆ ನೆಟ್‌ವರ್ಕ್ ಮಾಡಿ, ಮೊದಲಿನ ಹೆಸರು ಪಾಸ್‌ವರ್ಡ್ ಇಟ್ರ ತಾನ ಕೂಡತೈತಂತ. ಆಮ್ಯಾಲ ಮಾಡ್ಲೇನು?"

ಅವನ ಹಿಂದಿನಿಂದ ಐಶ್ವರ್ಯಾಳ ದನಿ ಕೇಳಿಸಿತು. "ಇರಲಿ ಬಿಡ್ರಿ. ನಾಕ ದಿನಾ ನಮ್ಮ ಮನ್ಯಾಗ ನಾವು ಮನಸ್ಸಿಗೆ ಬಂದಂಗ ಕುಂಡ್ರೂಣು."

ಶೈಲಾಳ ಮುಖ ಬಿಸಿಯಾಯಿತು. "ಅವಸರಿಲ್ಲ ಬಿಡು ತಮ್ಮಾ," ಅಂದಳು.

ಮಾರನೇ ದಿನ ಅವ್ವನ ಫೋನ್. "ಎಲ್ಲಾ ಕಾಣತೈತಲ್ಲ?"

ಇಲ್ಲ ಅಂದರೆ ಅವ್ವ ಸೊಸೆಯ ಮೇಲೆ ಹರಿಹಾಯುವಳು. ಮನೆಯಲ್ಲಿ ಜಗಳ. "ಹೂಂ ಯವ್ವಾ, ಕಾಣತೈತಿ."

ಅಂದಿನಿಂದ ಅದೊಂದು ರೂಢಿಯಾಯಿತು. ಅವ್ವ ಕೇಳುವಳು, ಇವಳು ಹೂಂ ಅನ್ನುವಳು. ಹೋದ ವಾರದ ಫೋನ್ ಈಗ ಮಾತಿಗೆ ಮಾತು ನೆನಪಾಗುತ್ತಿತ್ತು. ವಾರ್ಡಿನಲ್ಲಿ ಸಲೈನ್ ಬದಲಿಸುತ್ತ, ಫೋನನ್ನು ಕಿವಿ ಹೆಗಲಿನ ನಡುವೆ ಒತ್ತಿ ಹಿಡಿದಿದ್ದಳು.

"ನಿನ್ನೆ ತೋರಿಸಿದ್ನಲ್ಲ, ನೋಡಿದ್ಯಾ?"

"ನೋಡಿದೆ ಯವ್ವಾ."

"ಹೆಂಗೈತಿ?"

ಹೊಸ ಸೀರೆ ಇರಬೇಕು ಅಂದುಕೊಂಡಳು. "ಚಲೋ ಐತಿ."

"ಚಲೋ ಐತಿ?" ಆ ಕಡೆ ರಾಟಿ ಮತ್ತೆ ತಿರುಗಿದ ಸದ್ದು ಬಂತು. "ಆತು. ನೀ ಅಂದ ಮ್ಯಾಲ ಆತು."

* * *

ಮಧ್ಯಾಹ್ನ ಕುಣಿಯಲ್ಲಿ ಸಿದ್ದಲಿಂಗವ್ವನನ್ನು ಕೂಡಿಸಿದರು. ಸುತ್ತ ಪತ್ರಿ, ವಿಭೂತಿ ಗಟ್ಟಿ, ಉಪ್ಪು ತುಂಬಿದರು. ಅಯ್ಯನವರು ಮಂತ್ರ ಮುಗಿಸಿ ಮೇಲೆ ಬಂದಾಗ ಕೊಟ್ರೇಶ ಮೊದಲ ಹಿಡಿ ಮಣ್ಣು ಹಾಕಿದ. ಶೈಲಾ ಎರಡನೆಯದು. ಮಣ್ಣು ಎಡಮೊಣಕಾಲ ಮೇಲೆ ಬಿತ್ತು. ಅವಳು ಮತ್ತೊಂದು ಹಿಡಿ ತೆಗೆದುಕೊಳ್ಳಲಿಲ್ಲ.

ಮರಳಿ ಬಂದು ಕಾಲು ತೊಳೆದು, ಅವ್ವ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಜನ ಒಬ್ಬೊಬ್ಬರಾಗಿ ಹೋದರು. ಸಂಗಪ್ಪ ಕಟ್ಟೆಯ ಮೇಲೆ ಅಡ್ಡಾದ. ಪಡಸಾಲೆಯಲ್ಲಿ ಮೂವರೇ ಉಳಿದರು.

"ಕಾಣತೈತಿ ಅಂತ ನೀ ಹೇಳಿದೆಂತ, ಅವ್ವ ಅಂದ್ಲು," ಕೊಟ್ರೇಶ ನೆಲ ನೋಡುತ್ತ ಅಂದ. "ತಾನ ಕೂಡಿರಬೇಕು ಅಂದುಕೊಂಡೆ. ನಾನೂ ತಿರುಗಿ ನೋಡ್ಲಿಲ್ಲ."

"ನಾ ಕಾಲಿನ ಮಾತ ತಗದ್ರ ‘ನರ್ಸ್ ಮಗಳು ನೋಡ್ಯಾಳ, ನಿನಗೇನ ತಿಳೀತೈತಿ’ ಅಂತಿದ್ರು ಅತ್ತಿಯಾರು, ಅಕ್ಕಾರ," ಅಂದಳು ಐಶ್ವರ್ಯಾ. ಅತ್ತತ್ತು ಅವಳ ದನಿ ಬಿದ್ದುಹೋಗಿತ್ತು. "ನಿಮಗ ಒಂದು ಫೋನ್ ಮಾಡಬೇಕಿತ್ತು. ನೋಡಿದವರಿಗೆ ಮತ್ತೇನ ಹೇಳೂದು ಅಂತ ಬಿಟ್ಟೆ."

ಶೈಲಾ ದೀಪಕ್ಕೆ ಎಣ್ಣೆ ಹಾಕಿದಳು. ಗೋಡೆಯ ಮೇಲೆ ಅವ್ವನ ತಲೆ ಒರಗುತ್ತಿದ್ದ ಕಡೆ ಎಣ್ಣೆಯ ಕಲೆ ಇತ್ತು. ಅದರ ಪಕ್ಕದಲ್ಲೇ ಬೆಳಗಿನ ವಿಭೂತಿ.

"ಆ ಕ್ಯಾಮೆರಾ ಹಚ್ಚು ತಮ್ಮಾ."

"ಈಗ್ಯಾಕ ಅಕ್ಕಾ?"

"ಹಚ್ಚು."

ಕೊಟ್ರೇಶ ಹೆಂಡತಿಯ ಮುಖ ನೋಡಿದ. "ಹಚ್ಚರಿ," ಅಂದಳು ಐಶ್ವರ್ಯಾ.

ಅವನು ಮೊಬೈಲಿನಲ್ಲಿ ರೂಟರಿನ ಸೆಟ್ಟಿಂಗ್ ತೆರೆದ. ಒಂದಾಗಿದ್ದ ನೆಟ್‌ವರ್ಕನ್ನು ಎರಡು ಮಾಡಿದ. "ಹಳೇದರ ಹೆಸರು ಏನಿತ್ತು?"

"ಅವ್ವಂದ."

ಅವನ ಬೆರಳು ಗಕ್ಕನೆ ನಿಂತು, ಮತ್ತೆ ಅಕ್ಷರ ಹುಡುಕಿ ಒತ್ತತೊಡಗಿತು. ಸಿದ್ದಲಿಂಗವ್ವ. ಪಾಸ್‌ವರ್ಡಿಗೆ ಅಪ್ಪನ ಹೆಸರು, ಮನೆ ನಂಬರು. ರೂಟರಿನ ದೀಪಗಳು ಆರಿ ಹತ್ತಿದವು. ಒಂದು ಕಪ್ ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಗೋಡೆಯ ಮೇಲಿನ ನೀಲಿ ಕಣ್ಣು ಇನ್ನೆರಡು ಸಲ ಪಿಳುಕಿಸಿ, ಹಾಗೇ ತೆರೆದು ನಿಂತಿತು.

ಶೈಲಾಳ ಫೋನಿನಲ್ಲಿ ಪಡಸಾಲೆ ಮೂಡಿತು. ಒಂದು ದೀಪ, ಮೂಲೆಗೆ ಸರಿಸಿಟ್ಟ ರಾಟಿ, ಖಾಲಿ ಗೋಡೆ.

ಅವಳು ಎದ್ದು ಹೋಗಿ ದೀಪದ ಪಕ್ಕ, ಅವ್ವ ಕೂಡುತ್ತಿದ್ದಂತೆಯೇ ಕೂತಳು. ಒಂದು ಕಾಲು ಮಡಚಿದಳು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಎಡಗಾಲನ್ನು ಕ್ಯಾಮೆರಾದ ಕಡೆ ಚಾಚಿ ಫೋನು ನೋಡಿದಳು. ಚಿತ್ರ ಯಾವಾಗಲೂ ತುಸು ತಡವಾಗಿ ಬರುತ್ತಿತ್ತು. ಫೋನಿನಲ್ಲಿ ಇನ್ನೂ ಗೋಡೆ ಖಾಲಿಯೇ ಇತ್ತು. ಆಮೇಲೆ ಒಬ್ಬ ಹೆಂಗಸು ಬಂದು ಕೂತಳು, ಸೀರೆ ಎತ್ತಿದಳು, ಕಾಲು ಚಾಚಿದಳು. ಶೈಲಾ ಎರಡು ಬೆರಳಿನಿಂದ ಆ ಪಾದವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಎಲ್ಲವೂ ಸ್ಪಷ್ಟವಾಗಿತ್ತು: ಕಾಲುಂಗುರದ ಸವೆದ ಅಂಚು, ಹಿಮ್ಮಡಿಯ ಬಿರುಕು, ಆ ಬಿರುಕಿನೊಳಗೆ ತೊಳೆದರೂ ಹೋಗದೆ ಉಳಿದ ಮಣ್ಣು.