ಕಪ್ತಾನನನ್ನು ಹೊತ್ತ ಹೊನ್ನೆ

“ಇಷ್ಟೆಲ್ಲ ಯಾರದು?”

ಕುದುರೆಯ ಮೇಲಿದ್ದವನು ಯಾರ ಮುಖವನ್ನೂ ನೋಡದೆ ಹೀಗೆ ಕೇಳಿದ. ನಾನಾಗ ಹೊನ್ನೆ ಮರ. ಸೋಲಿಗರ ಬೆಟ್ಟದಲ್ಲಿ, ಕಾರಯ್ಯ ದೇವರ ಕಲ್ಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಸೋಲಿಗರು ನನ್ನ ಬುಡದಲ್ಲಿ ಕೂತು ದೇವರ ಪದ ಹೇಳುತ್ತಿದ್ದರು; ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅಲ್ಲಿಂದ ಒಣಕಡ್ಡಿಯನ್ನೂ ಯಾರೂ ಒಯ್ಯುತ್ತಿರಲಿಲ್ಲ.

ಬಂದವನು ಕಪ್ತಾನ್ ಹಾರ್ಗ್ರೀವ್. ಬರ್ಮಾದ ಯುದ್ಧದಲ್ಲಿ ಊರುಗಳಿಗೆ ಬೆಂಕಿ ಇಟ್ಟು, ತೊಡೆಗೆ ಗುಂಡು ತಿಂದು, ಪಟಾಲಮ್ಮು ಬಿಟ್ಟು, ಕಾಫಿ ಬೆಳೆಯಲು ಜಾಗ ಹುಡುಕುತ್ತಿದ್ದ. ಜೊತೆಗಿದ್ದ ದುಭಾಷಿ ಶಾಮಯ್ಯ, ಕಾಡಂಚಿನಲ್ಲಿ ಗೆಣಸು ಅಗೆಯುತ್ತಿದ್ದ ಕೇತಮ್ಮನನ್ನು ಕರೆದು ವಿಚಾರಿಸಿದ.

“ಬಿಟ್ಟ ಕಾಡು, ಬುದ್ದಿ” ಅಂದಳು ಅವಳು.

ದೇವರಿಗೆ ಬಿಟ್ಟ ಕಾಡು, ಬಸವನನ್ನು ಬಿಟ್ಟ ಹಾಗೆ. ಕೊಡಲಿ ಸೋಕಬಾರದು ಎಂದು ಅದರರ್ಥ. ಬಯಲಿನವನಾದ ಶಾಮಯ್ಯನಿಗೆ ಅದು ತಿಳಿಯಲಿಲ್ಲವೋ, ತಿಳಿದೂ ನುಂಗಿಕೊಂಡನೋ! “ಯಾರೋ ಬಿಟ್ಟು ಹೋದ ಕಾಡಂತೆ, ದೊರೆ” ಎಂದ. ಕಾಗದದಲ್ಲಿ ಹಾಗೇ ಬಿತ್ತು. ಮುಂದಿನ ತಿಂಗಳು ನಾನೂ ಬಿದ್ದೆ.

ಹೊನ್ನೆಗೆ ಕೊಡಲಿ ಹಾಕಿದರೆ ನೆತ್ತರಿನಂಥ ರಸ ಒಸರುತ್ತದೆ. ಕಪ್ತಾನ ಅದನ್ನು ಬೆರಳಿಗೆ ಹಚ್ಚಿಕೊಂಡು ನಕ್ಕ. “ಬರ್ಮಾ ನೆನಪಾಯಿತು” ಎಂದ.

ಬಡಗಿ ನನ್ನನ್ನು ಆರಾಮ ಕುರ್ಚಿ ಮಾಡಿದ. ತೋಳು ಎರಡೂ ಮುಂದಕ್ಕೆ ಉದ್ದ. ದೊರೆ ಬೂಟುಗಾಲು ಚಾಚಬೇಕಲ್ಲ! ದೇವರ ಪದ ಕೇಳಿದ ಮೈಮೇಲೆ ಮೂವತ್ತು ವರ್ಷ ಅವನ ಬೆವರು, ಬ್ರಾಂದಿ, ಚುಟ್ಟದ ಬೂದಿ ಸುರಿಯಿತು. ಸೋಲಿಗರು ಕಾರಯ್ಯನ ಕಲ್ಲನ್ನು ಹೊತ್ತು ಕಣಿವೆಗೆ ಇಳಿಸಿದ್ದನ್ನು ಆ ಬೂಟುಗಳ ಸಂದಿಯಿಂದಲೇ ಕಂಡೆ. ಅವರೇ ಕೂಲಿಗಳಾಗಿ ಮತ್ತೆ ಹತ್ತಿ ಬಂದು ಸಾಲಿನಲ್ಲಿ ನಿಂತರು. ಸಾಲು ಸೊಟ್ಟಗಾದರೆ ಬೆತ್ತ ಬೀಸುತ್ತಿತ್ತು. ಕಾರಯ್ಯನ ಕಲ್ಲಿನ ಪಕ್ಕದಲ್ಲಿ ನಾನು ಕೊಳೆತು ಮಣ್ಣಾಗಬೇಕು. ಅಂದಿನಿಂದ ನಾನು ಬೇಡಿದ್ದು ಅದೊಂದೇ.

ಆಮೇಲೆ ಅವನು ಶಾಸನಸಭೆಯ ಮೆಂಬರನಾದ. ಭಾಷಣವನ್ನು ಮೊದಲು ನನ್ನ ಮೇಲೆ ಕುಳಿತೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ.

“ಹಾಳುಬಿದ್ದ ನೆಲವನ್ನು ತೋಟ ಮಾಡಿದವರು ನಾವು. ಈ ಜನಕ್ಕೆ ತಂದೆ ತಾಯಿ ನಾವು. ಹೇಗಿದೆ ಶಾಮಯ್ಯ?”

“ಕಣ್ಣಲ್ಲಿ ನೀರು ಬಂತು, ದೊರೆ.”

ನೀರೂ ಇಲ್ಲ, ನಾಚಿಕೆಯೂ ಇಲ್ಲ. ಓಡಿಹೋದ ಆಳನ್ನು ಹಿಡಿದು ಜೈಲಿಗೆ ಹಾಕುವ ಕಾನೂನಿಗೆ ಕೈಯೆತ್ತಿ ಬಂದ ದಿನ ಕಪ್ತಾನ ಹೊಟ್ಟೆ ಬಿರಿಯ ತಿಂದು, ನನ್ನ ಮೇಲೆ ಒರಗಿ ತೇಗಿದ. ವಾಕರಿಕೆ ಬಂದರೂ ಕಾರಿಕೊಳ್ಳಲು ನನಗೆ ಬಾಯಿಲ್ಲ.

ಅವನು ತೋಟ ಮಾರಿ ಹಡಗು ಹತ್ತಿದಾಗ ನಾನು ಶಾಮಯ್ಯನ ಪಾಲಾದೆ. ಶಾಮಯ್ಯನೂ ದೊರೆಯ ಹಾಗೆಯೇ ಕಾಲು ಚಾಚಿದ. ಹತ್ತು ವರ್ಷದಲ್ಲಿ ಹೆಂಡತಿ ಸತ್ತಳು, ಕಣ್ಣಿಗೆ ಪೊರೆ ಬಂತು. ಕಾರಯ್ಯ ಹಿಡಿದುಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಹೆದರಿದವನು ನನ್ನನ್ನು ಗಾಡಿಗೆ ಹೇರಿ ಕಣಿವೆಗೆ ಹೊರಟ. ದಾರಿಯುದ್ದಕ್ಕೂ ನನಗಾದ ಹಿಗ್ಗು ಹೇಳತೀರದು.

ಕಲ್ಲಿನ ಮುಂದೆ ಪದ ನಡೆದಿತ್ತು. ಹೇಳುತ್ತಿದ್ದವಳು ಕೇತಮ್ಮ; ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳು ಪದ ಮುಗಿಸುವ ತನಕ ಶಾಮಯ್ಯ ಕಾದು ನಿಂತು ಕೈಮುಗಿದ.

“ತಾಯಿ, ನಿಮ್ಮ ಕಾಡಿನ ಮರ ಇದು. ದೇವರ ಹತ್ತಿರ ಇಟ್ಕೊಳ್ಳಿ.”

ಅವಳು ಎದ್ದು ಬಂದು ನನ್ನ ತೋಳು ಸವರಿದಳು. ಬೂಟಿನ ಲಾಳ ಕೊರೆದ ಗುಳಿಯಲ್ಲಿ ಬೆರಳು ನಿಂತಿತು.

“ಎಷ್ಟ್ ವರ್ಸ ಕೂತಿದ್ರಿ ಇದ್ರ ಮ್ಯಾಲ?”

“ದೊರೆ ಮೂವತ್ತು. ನಾನು ಹತ್ತು.”

“ಇಬ್ರೂ ಉಂಡೆದ್ದ ಎಲೇನ ನಮ್ಮಪ್ಪ ಕಾರಯ್ಯನ ಮುಂದುಕ್ಕೆ ತಂದಿದ್ದೀಯಾ?”

“ತಪ್ಪಾಯ್ತು ತಾಯಿ. ಮರದ್ದೇನು ತಪ್ಪು? ಇದನ್ನಾದ್ರೂ ಇಟ್ಕೊಳ್ಳಿ.”

ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡಳು.

“ಆಗಾಕಿಲ್ಲ. ಎತ್ಕೊಂಡ್ ಹೋಗು.”