ಕಾಲರಿಗೆ ಚುಚ್ಚಿದ ಸರ

ಅಕ್ಕನ ಸಂದರ್ಶನ ಶುರುವಾಗುವುದಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ನಾನು ಅಮ್ಮನನ್ನು ಎಳೆತಂದು ಟೀವಿಯ ಮುಂದೆ ಕೂರಿಸಿದ್ದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಅವಳು ಸಿನಿಮಾ ನಟಿ, ನಾನು ಅವಳಿಗೆ ಬಟ್ಟೆ-ಒಡವೆ ಜೋಡಿಸಿಕೊಡುವವಳು. ಕೆಲಸಕ್ಕೆ ಸೇರಿದ ಮೊದಲ ವಾರವೇ, ಮೇಡಂ ಗೀಡಂ ಎಲ್ಲ ಬೇಡ, ಅಕ್ಕ ಅನ್ನು ಎಂದಿದ್ದಳು. ಅಷ್ಟಕ್ಕೇ ಉಬ್ಬಿಹೋದವಳು ನಾನು. ನಾಲ್ಕು ವರ್ಷ ಉಬ್ಬಿಕೊಂಡೇ ಇದ್ದೆ.

ಆ ಸಂಜೆ ಅವಳು ಟೀವಿಯಲ್ಲಿ ನನ್ನ ಹೆಸರು ಹೇಳುವವಳಿದ್ದಳು. ಹಾಗೆಂದು ಮಾತು ಕೊಟ್ಟಿದ್ದಳು. ನಮಗೆ ಚಿತ್ರೀಕರಣಕ್ಕೆ ಒಡವೆ ಎರವಲು ಕೊಡುವ ದೊಡ್ಡ ಅಂಗಡಿಯ ಯಜಮಾನರು, ದಿನನಿತ್ಯದ ಉಡುಪಿಗೆ ಒಪ್ಪುವ ಬೆಲೆಬಾಳುವ ಒಡವೆಗಳಿಗೆಂದೇ ಹೊಸ ವಿಭಾಗ ತೆರೆಯುತ್ತಿದ್ದರು. ವಜ್ರದ ಸರವನ್ನು ಸಾದಾ ಅಂಗಿಯ ಮೇಲೆ ಹಾಕುವ ಐಡಿಯಾ ಯಾರದೋ ಅವರಿಗೇ ಆ ವಿಭಾಗ ಒಪ್ಪಿಸುತ್ತೇನೆ ಎಂದಿದ್ದರು. ನಾನೇ ಹೋಗಿ ಅದು ನನ್ನದು ಎಂದರೆ ಯಾರು ನಂಬುತ್ತಾರೆ? ಅಕ್ಕ ಹೇಳಿದರೆ ಊರೇ ನಂಬುತ್ತದೆ. ಇನ್ನೊಬ್ಬರ ಪ್ಯಾಂಟಿನ ಅಂಚು ಮಡಿಸುವ ಬಾಳು ಆ ಒಂದು ಮಾತಿನಿಂದ ಮುಗಿಯುವುದರಲ್ಲಿತ್ತು.

ಐಡಿಯಾ ಏನೂ ಬ್ರಹ್ಮವಿದ್ಯೆಯಲ್ಲ. ವಜ್ರಕ್ಕೆ ರೇಷ್ಮೆಯೇ ಆಗಬೇಕು, ಜರಿಯೇ ಆಗಬೇಕು ಎಂದು ಎಲ್ಲರೂ ಒದ್ದಾಡುತ್ತಿದ್ದಾಗ, ನಾನು ಅಕ್ಕನಿಗೆ ಇಸ್ತ್ರಿ ಮಾಡಿದ ಬಿಳಿ ಹತ್ತಿ ಅಂಗಿ, ಬಣ್ಣ ಮಾಸಿದ ಜೀನ್ಸ್ ತೊಡಿಸಿ ಅದರ ಮೇಲೆ ಕೊರಳು ತುಂಬುವ ಸರ ಹಾಕಿದೆ. ಕೊರಳು ಮಾತಾಡುವಾಗ ಕಿವಿ ಕೈಗಳು ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ನನ್ನ ಕಾನೂನು. ಹಾಗಾಗಿ ಓಲೆ ಇಲ್ಲ, ಬಳೆ ಇಲ್ಲ. ಸರದ ಭಾರಕ್ಕೆ ಕಾಲರು ಜೋತುಬೀಳುತ್ತಿತ್ತು. ಒಳಗೆ ಗಟ್ಟಿ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದರೂ ನಿಲ್ಲಲಿಲ್ಲ. ಕೊನೆಗೆ ಎರಡೂ ಕಡೆ ಸರವನ್ನು ಕಾಲರಿಗೆ ಸೇರಿಸಿ ಸೇಫ್ಟಿ ಪಿನ್ನು ಚುಚ್ಚಿದೆ, ಬೇಕೆಂದೇ ಎದ್ದು ಕಾಣುವ ಹಾಗೆ. ಆ ಫೋಟೋ ಹೊರಬಿದ್ದ ಹದಿನೈದು ದಿನದಲ್ಲಿ ಕಾಲೇಜು ಹುಡುಗಿಯರಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರ ಕಾಲರಿನಲ್ಲೂ ಪಿನ್ನು. ಡಾಕ್ಟರಮ್ಮ ಒಬ್ಬರು ಬಿಳಿ ಕೋಟಿಗೆ ಮುತ್ತಿನ ಸರ ಚುಚ್ಚಿಕೊಂಡಿದ್ದನ್ನು ಕಣ್ಣಾರೆ ಕಂಡೆ. ಸರಕ್ಕೂ ಸ್ಟೆತಾಸ್ಕೋಪಿಗೂ ಜಡೆಜಗಳ ನಡೆದಿತ್ತು.

ಇಂಥ ಬುದ್ಧಿ ನಿನಗೆ ಎಲ್ಲಿಂದ ಬಂತೇ ಎಂದು ಅಕ್ಕ ಒಂದು ದಿನ ಮೇಕಪ್ ಕೋಣೆಯಲ್ಲಿ ಕೇಳಿದಳು. ಅಮ್ಮನಿಂದ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಲುಬಿಲ್ಲದ ನಾಲಗೆ, ನಿಲ್ಲಲಿಲ್ಲ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದಿನಾ ತೊಡುತ್ತಿದ್ದ ನೀಲಿ ಕೋಟಿನ ಕಾಲರಿಗೆ, ಅಜ್ಜಿ ಕೊಟ್ಟಿದ್ದ ಒಂದೇ ಒಂದು ಚಿನ್ನದ ಸರವನ್ನು ಎರಡು ಪಿನ್ನು ಹಾಕಿ ಬಿಗಿದಿರುತ್ತಿದ್ದಳು. ಮಲಗುವಾಗಲೂ ಕೋಟು ಕಳಚುತ್ತಿರಲಿಲ್ಲ, ಪಿನ್ನು ಬಿಚ್ಚುತ್ತಿರಲಿಲ್ಲ. ಅಪ್ಪ ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿ ಕುಡಿಯುತ್ತಿದ್ದ. ಪಿನ್ನು ಇದ್ದರೆ ಸರ ತೆಗೆಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಎಚ್ಚರವಾಗುತ್ತದೆ ಎಂಬುದು ಅಮ್ಮನ ಲೆಕ್ಕ. ಒಮ್ಮೆ ಎಚ್ಚರವಾಯಿತು. ಅಪ್ಪ ಕಿತ್ತ ರಭಸಕ್ಕೆ ಪಿನ್ನು ಅವಳ ಕತ್ತಿನ ಬುಡವನ್ನು ಉದ್ದಕ್ಕೆ ಸೀಳಿತು. ಆ ಗಾಯದ ಗುರುತಿನ ತನಕ ಎಲ್ಲವನ್ನೂ ಹೇಳಿದೆ. ಅಕ್ಕನ ಕಣ್ಣು ತುಂಬಿ ಬಂತು, ನನ್ನ ತಲೆ ಸವರಿದಳು. ಅದಕ್ಕಾಗಿಯೇ ಹೇಳಿದ್ದೆನೋ ಏನೋ.

ಸಂದರ್ಶನದಲ್ಲಿ ನಿರೂಪಕಿ ಕೇಳಿದ ಎರಡನೆಯ ಪ್ರಶ್ನೆಯೇ ಪಿನ್ನಿನದು. ಇದು ಹೊಳೆದದ್ದು ಯಾರಿಗೆ ಎಂದಳು. ನಾನು ಅಮ್ಮನ ಮೊಣಕೈ ತಿವಿದೆ. ಅಕ್ಕ ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿಕೊಟ್ಟ ಅಂಗಿಯ ಕಾಲರು ಮುಟ್ಟಿಕೊಂಡು ನಕ್ಕಳು.

"ಇದು ನಮ್ಮಮ್ಮನದು. ಅಪ್ಪ ಕೊಡಿಸಿದ ಸರ ಅಂದ್ರೆ ಅಮ್ಮನಿಗೆ ಪ್ರಾಣ. ಕೆಲಸಕ್ಕೆ ಹೋಗೋವಾಗ ನೀಲಿ ಕೋಟಿನ ಕಾಲರಿಗೆ ಪಿನ್ ಹಾಕ್ಕೊಂಡು ಹೋಗೋರು. ಮಲಗೋವಾಗ್ಲೂ ಬಿಚ್ತಿರಲಿಲ್ಲ. ಅಷ್ಟು ಪ್ರೀತಿ."

ಅಕ್ಕನ ತಾಯಿಯನ್ನು ನಾನು ಬಲ್ಲೆ. ಆಕೆಯ ಸರಗಳಿಗೆ ಬೀರುವಿದೆ, ಬೀರುವಿಗೆ ಒಂದು ಕೋಣೆಯಿದೆ, ಕೋಣೆಯನ್ನು ಗುಡಿಸಲು ಆಳಿದ್ದಾಳೆ. ನೀಲಿ ಕೋಟನ್ನು ಆಕೆ ಆ ಆಳಿನ ಮೈಮೇಲೂ ನೋಡಿರಲಾರಳು. ಕಾರ್ಯಕ್ರಮ ಮುಗಿಯುವ ತನಕ ಮೈಯೆಲ್ಲ ಕಿವಿಯಾಗಿ ಕೂತೆ. ತನ್ನ ನಾಯಿಯ ಹೆಸರು ಹೇಳಿದಳು, ಯೋಗ ಕಲಿಸುವವರ ಹೆಸರು ಹೇಳಿದಳು. ನನ್ನದು ಬರಲಿಲ್ಲ.

ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ. ಇವಳು ಏಣಿಯನ್ನೇ ಹೆಗಲಿಗೇರಿಸಿಕೊಂಡು ಹೋಗಿದ್ದಳು. ಐಡಿಯಾ ಒಂದೇ ಕದ್ದಿದ್ದರೆ ಹಾಳಾಗಿ ಹೋಗಲಿ, ಇನ್ನೊಂದು ಹುಟ್ಟಿಸುತ್ತಿದ್ದೆ. ಇವಳು ನನ್ನ ಅಮ್ಮನನ್ನೇ ಕದ್ದಿದ್ದಳು. ನಂಬಿಸಿ ಕತ್ತು ಕೊಯ್ಯುವುದು ಎಂದು ಎಷ್ಟೋ ಸಲ ಸುಮ್ಮನೆ ಬಾಯಿಮಾತಿಗೆ ಅಂದಿದ್ದೆ, ಹೇಗಿರುತ್ತದೆ ಎಂದು ಗೊತ್ತಾದದ್ದು ಆಗಲೇ.

ಫೋನು ತೆಗೆದು ಬರೆಯಲು ಕೂತೆ, ಎಲ್ಲರೂ ಓದುವ ಕಡೆ ಹಾಕುವುದಕ್ಕೆ. ಮೊದಲಿಗೇ ನನ್ನ ಹೆಸರು ಹಾಕಿದೆ. ಮೊದಲ ಸಲ ಪಿನ್ನು ಚುಚ್ಚಿ ನೋಡಿದ ದಿನದ ಫೋಟೋ ಸೇರಿಸಿದೆ. ಆಮೇಲೆ ನೀಲಿ ಕೋಟು, ಅಪ್ಪ, ಗಾಯ, ಒಂದೂ ಬಿಡದೆ ಬರೆದೆ. ಅವಳ ಪ್ರೀತಿಯ ಕಥೆ ಸುಳ್ಳೆಂದು ತೋರಿಸಲು ಅಪ್ಪ ಬೇಕೇ ಬೇಕಿತ್ತು. ಅಪ್ಪ ಹೋಗಿ ಹತ್ತು ವರ್ಷವಾಗಿದೆ, ಇನ್ನು ಯಾರಿಗೇನು ನಷ್ಟ ಎಂದುಕೊಂಡೆ.

ಅಮ್ಮ ಟೀವಿ ಆರಿಸಿದಳು.

"ಅವಳಿಗೆ ನೀನೇ ಹೇಳಿದ್ದಾ?"

ಹೌದೆಂದೆ. ಹೇಗೆ ತಿರುಚಿದಳು ನೋಡಮ್ಮ, ಅಪ್ಪನನ್ನು ದೇವರು ಮಾಡಿಬಿಟ್ಟಳು ಎಂದು ಕೂಗಾಡಿದೆ. ನೀನು ಹೇಗೆ ಹೇಳಿದ್ದೆ ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಎಂದೆ.

"ನಿಮ್ಮಪ್ಪಂದೂ?"

"ಹೂಂ."

"ಇದೂ?" ಎಂದು ಕತ್ತಿನ ಬುಡದ ಮೇಲೆ ಬೆರಳಿಟ್ಟಳು.

ನಾನು ತಲೆಯಾಡಿಸಿದೆ. ಅಮ್ಮ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇಪ್ಪತ್ತು ವರ್ಷ ಕೆಲಸದ ಕಡೆ ಯಾರು ಕೇಳಿದ್ರೂ ನಾನು ಹೇಳಿದ್ದು ಅದನ್ನೇ ಕಣೆ. ಗಂಡ ಕೊಡಿಸಿದ್ದು, ಬಿಚ್ಚೋಕೆ ಮನಸ್ಸು ಬರಲ್ಲ ಅಂತ. ಆ ಹುಡುಗಿ ಯಾರೋ ಏನೋ, ನನ್ನ ಮಾನ ಮುಚ್ಚಿದ್ಲು. ನೀನು ನನ್ನ ಮಗಳು."

ಆಮೇಲೆ ನನ್ನ ಕೈಯಲ್ಲಿದ್ದ ಫೋನನ್ನು ನೋಡಿ, ಇನ್ನೂ ಯಾರ್ಯಾರಿಗೆ ಹೇಳಿದ್ದೀಯ ಎಂದಳು. ಯಾರಿಗೂ ಇಲ್ಲ ಎಂದೆ. ಅವಳು ನಂಬಲಿಲ್ಲ. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಬರೆದದ್ದನ್ನು ಕೆಳಗಿನಿಂದ ಅಳಿಸುತ್ತ ಬಂದೆ. ಗಾಯ ಹೋಯಿತು, ಅಪ್ಪ ಹೋದ, ಕೋಟು ಹೋಯಿತು, ಫೋಟೋ ಹೋಯಿತು. ಕೊನೆಗೆ ನನ್ನ ಹೆಸರೊಂದೇ ಉಳಿಯಿತು. ಅದನ್ನೂ ಅಳಿಸಿದೆ.